ನಕಾಶೆ ಕೋಣೆಯ ಅರ್ಜಿ

ಗುಂಡುಸೂಜಿ ಕೈಯಲ್ಲೇ ಇದ್ದಿದ್ದರೆ ವಿಶ್ವರಾಧ್ಯ ಮಾಸ್ತರರ ಆ ಸೋಮವಾರ ಸುಮ್ಮನೆ ಕಳೆದುಹೋಗುತ್ತಿತ್ತು. ಅರ್ಜಿಯ ಜೊತೆ ಡಾಕ್ಟರ ಕಾಗದವನ್ನೂ ಶಿಕ್ಷಕರ ಕೋಣೆಯ ಮೇಜಿನ ಮೇಲಿಟ್ಟು ಸೂಜಿ ಹುಡುಕಲು ಹೋದರು. ಬರುವಷ್ಟರಲ್ಲಿ ಕಾಗದ ಮೂರನೆಯ ಕೈ ಸೇರಿತ್ತು.

ನಲವತ್ತೇಳು ವರ್ಷದ ಅವರು ಸುರಪುರದ ಆ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ಹೆಂಡತಿ ಗುರುದೇವಿಯ ಒತ್ತಾಯಕ್ಕೆ ಮೂರು ಸಲ ಕಲಬುರಗಿಗೆ ಹೋಗಿಬಂದ ಮೇಲೆ ಡಾಕ್ಟರು ಬರೆದುಕೊಟ್ಟಿದ್ದರು: ಇವರಿಗೆ ಹುಟ್ಟಿನಿಂದಲೇ ಆಟಿಸಂ ಇದೆ, ಇದು ರೋಗವಲ್ಲ, ಗದ್ದಲವಿಲ್ಲದ ಜಾಗದಲ್ಲಿ ಕೂರಲು ಅವಕಾಶವಿದ್ದರೆ ಒಳ್ಳೆಯದು.

“ಆಟಿಸಂ ಅಂದ್ರ ಆಟದ್ದೇನ್ರಿ?” ಎಂದರು ಇತಿಹಾಸದ ಸಂಗಣ್ಣ ಮಾಸ್ತರು. “ಹಂಗಾದ್ರ ಇವರನ್ನ ಪಿ.ಟಿ. ಮಾಸ್ತರ ಮಾಡಬೇಕಾಗಿತ್ತು!”

“ಸುಮ್ನಿರ್ರಿ ಸರ್,” ಎಂದು ವಿಜ್ಞಾನದ ಸಾಬೇರಾ ಟೀಚರ್ ಗದರಿದರು. “ಸಪ್ಪಳ ತಡಕೊಳ್ಳಾಕ ಆಗಂಗಿಲ್ಲ, ಮಂದಿ ಮಾರಿ ನೋಡಿ ಮಾತಾಡೂದು ತ್ರಾಸ ಆಗ್ತದ.”

“ಅಯ್ಯ, ನನಗೂ ನಮ್ಮ ಮಾವನ ಮಾರಿ ನೋಡಾಕ ಆಗಂಗಿಲ್ಲ!” ಎಂದರು ಸಂಗಣ್ಣ.

ಗುಮಾಸ್ತ ಚನ್ನಯ್ಯ ದನಿ ತಗ್ಗಿಸಿದ. “ಶಹಾಪುರದಾಗ ಒಬ್ರು ಬೇರು ಕೊಡ್ತಾರ್ರಿ. ಎಂಟ ದಿನದಾಗ ಸಾಫ್.”

“ಇದು ಹೋಗೂದಲ್ಲ ಚನ್ನಯ್ಯ,” ಎಂದರು ವಿಶ್ವರಾಧ್ಯರು.

“ಹಂಗಾದ್ರ ಒಂಬತ್ತ ದಿನ ತಗೋರಿ.”

ವಿಶ್ವರಾಧ್ಯರಿಗೆ ಬೇಕಾಗಿದ್ದದ್ದು ಬೇರಲ್ಲ, ಒಂದು ಕೋಣೆ. ಹಿಂಭಾಗದ ನಕಾಶೆ ಕೋಣೆ. ಇದೇ ಶಾಲೆಯಲ್ಲಿ ಅವರು ಓದುತ್ತಿದ್ದಾಗ ಮಧ್ಯಾಹ್ನದ ಬಿಡುವೆಂದರೆ ಕಿವಿ ಮುಚ್ಚಿ ಗೋಡೆಗೆ ಒರಗಿ ನಿಲ್ಲುವುದು. ಜವಾನ ಮಕ್ತುಮಸಾಬ ಒಂದು ದಿನ ಏನೂ ಕೇಳದೆ ಆ ಕೋಣೆಯ ಬೀಗ ತೆಗೆದ. ಒಳಗೆ ಬಟ್ಟೆಗೆ ಅಂಟಿಸಿದ ಹಳೆಯ ನಕಾಶೆಗಳ ಗೋಂದಿನ ವಾಸನೆ, ಬೆಳಕಿಂಡಿಯಿಂದ ಇಳಿದ ಒಂದೇ ಒಂದು ಕೋಲು ಬಿಸಿಲು. ಹುಡುಗ ಕೃಷ್ಣಾ ನದಿಯ ಮೇಲೆ ಬೆರಳಾಡಿಸುತ್ತ ಕೂರುತ್ತಿದ್ದ. ಹೊಸ್ತಿಲ ಮೇಲೆ ಕೂತ ಮಕ್ತುಮಸಾಬ ಯಾರು ಬಂದರೂ “ಒಳಗ ಯಾರೂ ಇಲ್ರಿ” ಎನ್ನುತ್ತಿದ್ದ. ಮೂರು ವರ್ಷ ಹೀಗೇ ನಡೆಯಿತು. ಡಾಕ್ಟರು ಮೂರು ಭೇಟಿಯಲ್ಲಿ ಕಂಡುಹಿಡಿದದ್ದನ್ನು ಆತ ಒಂದೇ ನೋಟದಲ್ಲಿ ಕಂಡಿದ್ದ. ಕಲಬುರಗಿಯಿಂದ ಬರುವಾಗ ಬಸ್ಸಿನಲ್ಲಿ ಮಾಸ್ತರರ ಕಣ್ಣು ತುಂಬಿದ್ದು ಅದಕ್ಕೇ. ಈ ಸುದ್ದಿ ಯಾರಿಗೆ ಹೇಳಬೇಕಿತ್ತೋ ಆ ಮಕ್ತುಮಸಾಬ ಮಣ್ಣಾಗಿ ಹನ್ನೊಂದು ವರ್ಷವಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಗೇಟು ದಾಟಿತ್ತು. ಹುಣಸಗಿಯ ಒಬ್ಬ ಪಾಲಕ ಬಂದು ಕೈಮುಗಿದ. “ಸರ್, ನಿಮಗ ಲೆಕ್ಕ ಬರೂದು ಆಟಿಸಂದಿಂದ ಅಂತಲ್ರಿ? ನನ್ನ ಮಗನಿಗೂ ಸ್ವಲ್ಪ ಹಾಕಿಸ್ರಿ, ಪಾಸ್ ಆಗ್ಲಿ.”

ಅಷ್ಟರಲ್ಲಿ ಹೆಡ್ ಮಾಸ್ತರರಿಂದ ಕರೆ ಬಂತು. ಬಸವಂತ್ರಾಯರೆಂದರೆ ಇಡೀ ಶಾಲೆ ನಡುಗುತ್ತಿತ್ತು. ಯಾರ ಮುಖವನ್ನೂ ನೋಡರು, ಎರಡು ಮಾತಾಡಿ ಹೊರಗೆ ಕಳಿಸುವರು. ಅವರು ಕಾಗದವನ್ನು ಎರಡು ಸಲ ಓದಿ ಬಾಗಿಲು ಹಾಕಿಕೊಂಡರು.

“ಘಂಟಿ ಹೊಡದ್ರ ತಲಿಯೊಳಗ ಮೊಳಿ ಬಡದಂಗ ಆಗ್ತದೇನು?”

“ಹೌದ್ರಿ.”

“ಫೋನ್ ಬಂದ್ರ ಏನ್ ಮಾತಾಡಬೇಕಂತ ಮೊದಲ ಬರಕೊಂಡಿರ್ತೀರೇನು?”

“ಹೌದ್ರಿ! ನಿಮಗ ಯಾರು ಹೇಳಿದ್ರು?”

ಬಸವಂತ್ರಾಯರು ಮೇಜಿನ ಖಾನೆ ಎಳೆದರು. ಒಳಗೆ ತುಂಬ ಚೀಟಿಗಳು. ‘ನಮಸ್ಕಾರ, ಆರಾಮ್ರಿ?’ ‘ಮನ್ಯಾಗ ಎಲ್ಲಾರೂ ಹೆಂಗದಾರ?’ ‘ಮಳಿ ಹೆಂಗದ ನಿಮ್ಮ ಕಡಿ?’

“ಇಪ್ಪತ್ತಾರು ವರ್ಷದ್ದು,” ಎಂದರು ಅವರು ಕಿಟಕಿಯ ಕಡೆ ತಿರುಗಿ. “ಮಂದಿ ನನ್ನನ್ನ ಸಿಟ್ಟಿನ ಮನಷ್ಯಾ ಅಂತಾರ. ಅಂದ್ಕೊಳ್ಳಿ ಅಂತ ಬಿಟ್ಟೀನಿ.” ವಿಶ್ವರಾಧ್ಯರೂ ಅದೇ ಕಿಟಕಿಯ ಕಡೆ ನೋಡಿದರು. ಇಬ್ಬರಿಗೂ ಅದು ಹಿತವಾಗಿಯೇ ಇತ್ತು.

“ಅರ್ಜಿ ಮಂಜೂರ್,” ಎಂದು ಬಸವಂತ್ರಾಯರು ಸಹಿ ಹಾಕಿ ನಕಾಶೆ ಕೋಣೆಯ ಕೀಲಿ ತೆಗೆದರು. ವಿಶ್ವರಾಧ್ಯರು ಕೈ ಚಾಚಿದರು. ಕೀಲಿ ಹೆಡ್ ಮಾಸ್ತರರ ಜೇಬಿಗೇ ಹೋಯಿತು.

“ಅಲ್ಲಿ ನಾ ಕೂಡ್ತೀನಿ. ನಿಮ್ಮ ಕಡಿ ಕಾಗದಾನರ ಅದ, ನಿಮ್ಮನ್ನ ಯಾರೂ ತಪ್ಪ ತಿಳಿಯಂಗಿಲ್ಲ. ನನಗ ಅದೂ ಇಲ್ಲ. ಸೀನಿಯರ್ ನೀವ ಅದೀರಿ, ಇವತ್ತಿನಿಂದ ಆಫೀಸಿನ ಚಾರ್ಜ್ ನಿಮ್ದು.”

ಬೇಡವೆನ್ನಬೇಕೆಂದು ವಿಶ್ವರಾಧ್ಯರು ಬಾಯಿ ತೆರೆದರು. ಅಷ್ಟರಲ್ಲಿ ಬಸವಂತ್ರಾಯರು ಹೊರಟಾಗಿತ್ತು; ಪಡಸಾಲೆಯುದ್ದಕ್ಕೂ ಬೀಳದಂತೆ ಗೋಡೆ ಹಿಡಿದು ಹೋಗುತ್ತಿದ್ದ ಆ ದೊಡ್ಡ ಮನುಷ್ಯನನ್ನು ಕಂಡು, ಗೋಡೆಗೆ ಒರಗಿ ನಿಲ್ಲುತ್ತಿದ್ದ ಹುಡುಗ ನೆನಪಾಗಿ ಬಾಯಿ ಮುಚ್ಚಿಕೊಂಡರು. ನಕಾಶೆ ಕೋಣೆಯ ಚಿಲಕ ಒಳಗಿನಿಂದ ಬಿತ್ತು.

ಹೆಡ್ ಮಾಸ್ತರರ ಕುರ್ಚಿಯ ಹಿಂದೆ, ಕಿಟಕಿಯ ಹೊರಗೇ ಶಾಲೆಯ ಘಂಟೆ ತೂಗುಹಾಕಿದ್ದರು. ಬಾಗಿಲಲ್ಲಿ ಸಂಗಣ್ಣ, ಚನ್ನಯ್ಯ, ಹುಣಸಗಿಯ ಪಾಲಕ ಸಾಲಾಗಿ ನಿಂತಿದ್ದರು. ಘಂಟೆ ಹೊಡೆಯಿತು, ಫೋನೂ ಹೊಡೆದುಕೊಂಡಿತು. ವಿಶ್ವರಾಧ್ಯರು ಫೋನೆತ್ತಿ, ಖಾನೆಯೊಳಗಿನ ಚೀಟಿ ತೆಗೆದು ಓದಿದರು: “ನಮಸ್ಕಾರ, ಆರಾಮ್ರಿ?”

ಆ ಕಡೆಯವರು ತಾವು ಹೇಗಿದ್ದೇವೆಂದು ವಿವರವಾಗಿ ಹೇಳತೊಡಗಿದರು. ಮಾಸ್ತರರು ಎಲ್ಲ ಚೀಟಿಗಳನ್ನೂ ತಿರುವಿಹಾಕಿದರು. ಫೋನ್ ಇಡುವುದು ಹೇಗೆಂದು ಒಂದರಲ್ಲೂ ಬರೆದಿರಲಿಲ್ಲ.