ಸಂಸ್ಥಾಪಕ ಕಾಕಾನ ರಾಜೀನಾಮೆಗಳು

ಮುಂಬಯಿಯಲ್ಲಿ ನಮ್ಮ ಕಾಕಾ ಹುಟ್ಟುಹಾಕದ ಕನ್ನಡ ಸಂಘ ಇದ್ದರೂ ಇರಬಹುದು, ಅವನು ರಾಜೀನಾಮೆ ಕೊಡದ ಸಂಘ ಮಾತ್ರ ಇರಲಿಕ್ಕಿಲ್ಲ! ಸಯನ್‌ನಿಂದ ಬೊರಿವಲಿಯವರೆಗೆ ಯಾವ ಕನ್ನಡಿಗರನ್ನು ಕೇಳಿದರೂ, "ಓ, ಅವರಾ? ನಮ್ಮ ಸಂಸ್ಥಾಪಕರು" ಎಂದು ಕೈ ಮುಗಿಯುತ್ತಾರೆ. ಆಮೇಲೆ ತುಟಿಯೊಳಗೇ ಇನ್ನೊಂದು ಮಾತು ಸೇರಿಸುತ್ತಾರೆ. ಅವನು ನನ್ನ ಅಪ್ಪನ ಸ್ವಂತ ತಮ್ಮನಾದ್ದರಿಂದ ಆ ಮಾತನ್ನು ನಾನಿಲ್ಲಿ ಬರೆಯುವಂತಿಲ್ಲ. ಈ ಊರಿನ ಸಂಘಸಂಸ್ಥೆಗಳ ಇತಿಹಾಸ ಬರೆಯಲು ಹೊರಟ ಪಂಡಿತರು ಗ್ರಂಥಾಲಯದ ಧೂಳು ಕುಡಿದು ಕೆಮ್ಮುತ್ತಾರಲ್ಲ, ಯಾಕೆ ಬೇಕು ಆ ಕಷ್ಟ? ಕಾಕಾನ ಎದುರು ಕೂತು "ನಿಮಗೆ ಯಾರ್ಯಾರ ಮೇಲೆ ಸಿಟ್ಟು?" ಎಂದು ಕೇಳಿದರೆ ಇಡೀ ಇತಿಹಾಸ ತಾನಾಗಿ ಹೊರಗೆ ಬರುತ್ತದೆ.

ಅವನ ಮೊದಲ ಸಂಘ ಹುಟ್ಟಿದ್ದು ಸಯನ್‌ನ ಒಂದು ಶಾಲೆಯ ವರ್ಗದಲ್ಲಿ. ಧಾರವಾಡದಿಂದ ನೌಕರಿಗೆಂದು ಬಂದ ಕಾಕಾ, ಹೋಟೆಲು ನಡೆಸುತ್ತಿದ್ದ ಕರಾವಳಿಯ ಒಬ್ಬ ಗೆಳೆಯ, ಇನ್ನೂ ಕೆಲವು ಸಂಸಾರಗಳು. ರವಿವಾರ ಸಂಜೆ ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಚಿ ಕೂತು ಕನ್ನಡದ ಉದ್ಧಾರ ಮಾಡುತ್ತಿದ್ದರು. ಕಾಕಾ ಅಧ್ಯಕ್ಷ, ಹೋಟೆಲಿನವರು ಕಾರ್ಯದರ್ಶಿ. ಉದ್ಘಾಟನೆಗೆ ದೀಪ ಬೇಕಲ್ಲ? ಮದುವೆಯಲ್ಲಿ ಕಾಕೂಗೆ ತವರಿನವರು ಕೊಟ್ಟಿದ್ದ, ಎದೆಯೆತ್ತರದ ಹಿತ್ತಾಳೆ ದೀಪವನ್ನು ಕಾಕಾ ಹೊತ್ತು ತಂದ. ಎಲ್ಲ ಚೆನ್ನಾಗಿಯೇ ಇತ್ತು, ರಾಜ್ಯೋತ್ಸವದ ಫರಾಳದ ಮಾತು ಬರುವವರೆಗೆ.

"ಧಾರವಾಡದಾಂವ ಸ್ಥಾಪನಾ ಮಾಡಿದ ಸಂಘದಾಗ ಗಿರಮಿಟ್ ಇಲ್ಲಾಂದ್ರ ಹೆಂಗ್ರೀ?" ಎಂದ ಅಧ್ಯಕ್ಷ.

"ಅಲ್ಲ ಮಾರಾಯ್ರೆ, ಆ ಮಂಡಕ್ಕಿ ತಿನ್ಲಿಕ್ಕೆ ಜನ ಟ್ರೇನ್ ಹಿಡಿದು ಬರುದಾ? ಗೋಳಿಬಜೆ ಮಾಡುವ" ಎಂದರು ಕಾರ್ಯದರ್ಶಿ.

ಸಂಘ ಅಲ್ಲೇ ಎರಡಾಯಿತು. ಗಿರಮಿಟ್ ಬಣ ಒಂದು ಕಡೆ, ಗೋಳಿಬಜೆ ಬಣ ಇನ್ನೊಂದು ಕಡೆ. ಎರಡೂ ಬಣದವರು ಒಬ್ಬರ ತಿಂಡಿಯನ್ನು ಇನ್ನೊಬ್ಬರು ಮುಟ್ಟುವುದಿಲ್ಲವೆಂದು ಪಟ್ಟು ಹಿಡಿದಿದ್ದರಿಂದ ಆ ವರ್ಷದ ರಾಜ್ಯೋತ್ಸವದಲ್ಲಿ ಎಲ್ಲರೂ ತಿಂದದ್ದು ಶಾಲೆಯ ಎದುರಿನ ಗಾಡಿಯ ವಡಾಪಾವ್! ಕಾಕಾ ತಿಂದು, ಕೈ ತೊಳೆದು, ರಾಜೀನಾಮೆ ಘೋಷಿಸಿ, ದೀಪ ಬಗಲಲ್ಲಿ ಇಟ್ಟುಕೊಂಡು ಹೊರಟ. "ಇದು ನಮ್ಮಾಕಿ ತವರುಮನಿದು, ಸಂಘದ್ದಲ್ಲ" ಎಂದು ಬಾಗಿಲಲ್ಲಿ ನಿಂತು ಹೇಳಿ ಹೋದನಂತೆ.

ಅಂದಿನಿಂದ ಇದೇ ಪದ್ಧತಿಯಾಯಿತು. ಎಲ್ಲಿಗೆ ಮನೆ ಬದಲಾಯಿಸಿದರೂ ಅಲ್ಲೊಂದು ಸಂಘ, ಎಲ್ಲಿ ಸಂಘವೋ ಅಲ್ಲೊಂದು ಜಗಳ, ಜಗಳದ ಕೊನೆಗೆ ದೀಪದ ಸಮೇತ ನಿರ್ಗಮನ. ಬೊರಿವಲಿಯಲ್ಲಿದ್ದಾಗ ಲೋಕಲ್ ಟ್ರೇನಿನಲ್ಲೇ ಒಂದು ಬಳಗ ಕಟ್ಟಿದ್ದ. ದಿನಾ ಬೆಳಿಗ್ಗೆ ಅದೇ ಡಬ್ಬಿ, ಅದೇ ಕಿಟಕಿ, ದಾಸರ ಪದ, ನಡುನಡುವೆ ಕಡಲೆಬೇಳೆ. ಯಾರು ಕಿಟಕಿ ಪಕ್ಕ ಕೂರಬೇಕೆಂಬ ವಿಷಯದಲ್ಲಿ ತತ್ವಭೇದ ಬಂತು. ಕಾಕಾ ಅಂಧೇರಿಯಲ್ಲಿ ಇಳಿದು, ಪಕ್ಕದ ಡಬ್ಬಿ ಹತ್ತಿ, ಬಾಂದ್ರಾ ಬರುವುದರೊಳಗೆ ಅಲ್ಲಿ ಹೊಸ ಬಳಗದ ಸಂಸ್ಥಾಪಕನಾಗಿದ್ದ!

ದೀಪದ ಮಹಿಮೆಯೂ ಬೆಳೆಯಿತು. ಅಷ್ಟು ಎತ್ತರದ ದೀಪ ಬೇರೆ ಯಾವ ಸಂಘದಲ್ಲೂ ಇರಲಿಲ್ಲ. ದೀಪ ಬೇಕೆಂದರೆ ಕಾಕಾನನ್ನು ಕರೆಯಬೇಕು, ಕಾಕಾನನ್ನು ಕರೆದರೆ ಶಾಲು ಹೊದಿಸಬೇಕು, ಶಾಲು ಹೊದಿಸಿದರೆ ಅವನು ಮಾತಾಡಿಯೇ ತೀರುತ್ತಾನೆ. ಒಮ್ಮೆ ಅದರ ತಿರುಪು ಬಿಚ್ಚಿ ಮೂರು ತುಂಡು ಮಾಡಿ ಚೀಲದಲ್ಲಿ ಹಾಕಿಕೊಂಡು ಹೊರಟಾಗ ಸ್ಟೇಷನ್ನಿನಲ್ಲಿ ಪೊಲೀಸಿನವನು ತಡೆದ.

"ಯೇ ಕ್ಯಾ ಹೈ, ಚಾಚಾ?"

"ಸಂಸ್ಕೃತಿ ಹೈ!" ಎಂದ ಕಾಕಾ.

ಪೊಲೀಸಿನವನಿಗೆ ಅಷ್ಟರಿಂದ ಸಮಾಧಾನವಾಗಲಿಲ್ಲ. ಕಾಕಾ ಸಿಟ್ಟಿನಿಂದ ಪ್ಲಾಟ್‌ಫಾರ್ಮಿನಲ್ಲೇ ತಿರುಪು ಬಿಗಿದು ದೀಪ ನಿಲ್ಲಿಸಿದ. ಹೂ ಮಾರುವವಳೊಬ್ಬಳು ಬಂದು ಒಂದು ಚೆಂಡುಹೂ ಇಟ್ಟಳು. ಆಫೀಸಿಗೆ ಹೊರಟಿದ್ದ ಹೆಂಗಸರು ಚಪ್ಪಲಿ ಬಿಟ್ಟು ಕೈ ಮುಗಿದರು. ಕೊನೆಗೆ ಪೊಲೀಸಿನವನೂ ಟೋಪಿ ತೆಗೆದ. ಇಷ್ಟೆಲ್ಲ ಭಕ್ತಿಯಲ್ಲಿ ಟ್ರೇನು ತಪ್ಪಿ, ಅಲ್ಲಿ ಪಾಪ, ಸಮಾರಂಭದವರು ಕಾದು ಕಾದು ಮೇಣಬತ್ತಿ ಹಚ್ಚಿ ಉದ್ಘಾಟನೆ ಮುಗಿಸಿಬಿಟ್ಟಿದ್ದರು. ಮೇಣಬತ್ತಿಯ ಅವಮಾನ ತಾಳದೆ ಕಾಕಾ ಆ ಸಂಘಕ್ಕೂ ರಾಜೀನಾಮೆ ಕೊಟ್ಟ.

ಕಾಕಾನೊಬ್ಬನನ್ನೇ ಯಾಕೆ ಬೈಯಬೇಕು? ನಮ್ಮ ಸಮಾರಂಭಗಳನ್ನು ನೋಡಿದ್ದೀರಲ್ಲ! ಕೆಳಗೆ ಕೂತವರಿಗಿಂತ ವೇದಿಕೆಯ ಮೇಲಿನವರೇ ಹೆಚ್ಚು. ಇವರು ಅವರಿಗೆ ಹಾರ ಹಾಕುತ್ತಾರೆ, ಅವರು ಇವರಿಗೆ ಹಾಕುತ್ತಾರೆ, ಕೆಳಗೆ ಹೆಂಡಂದಿರು ಊಟದ ವಾಸನೆ ಎಲ್ಲಿಂದ ಬರುತ್ತಿದೆ ಎಂದು ನೋಡುತ್ತಿರುತ್ತಾರೆ. ಒಮ್ಮೆ ಕಾಕಾ ಮೈಕಿನ ಎದುರು, "ಮನ್ಯಾಗ ಕನ್ನಡ ಮಾತಾಡ್ರಿ, ಮಕ್ಕಳ ಬಾಯಾಗ ಕನ್ನಡ ಉಳಸ್ರಿ!" ಎಂದು ಗುಡುಗುತ್ತಿದ್ದ. ಅವನ ಸ್ವಂತ ಮೊಮ್ಮಗಳು ವೇದಿಕೆ ಹತ್ತಿ ಧೋತರ ಜಗ್ಗಿ, "ಆಜೋಬಾ, ಕಬ್ ಖತಮ್ ಹೋಗಾ?" ಎಂದು ಕೇಳಿದಳು. "ಬಸ್ ಬೇಟಾ, ಪಾಂಚ್ ಮಿನಿಟ್" ಎಂದು ಕಾಕಾ ಪ್ರೀತಿಯಿಂದ ಹೇಳಿದ್ದು ಮೈಕಿನಲ್ಲಿ ಸಭಾಗೃಹದ ಮೂಲೆಮೂಲೆಗೂ ಕೇಳಿಸಿತು. ಅವತ್ತು ಬಿದ್ದಷ್ಟು ಚಪ್ಪಾಳೆ ಅವನಿಗೆ ಯಾವತ್ತೂ ಬಿದ್ದಿರಲಿಲ್ಲ.

ಈ ಎಲ್ಲ ಸಂಘಗಳಿಗೆ ಸ್ವಂತ ಜಾಗ ಎಲ್ಲಿತ್ತು? ಕಮಿಟಿ ಸಭೆಗಳೆಲ್ಲ ನಡೆಯುತ್ತಿದ್ದುದು ಕಾಕಾನ ಮನೆಯಲ್ಲೇ. ಜಗಳಗಳೂ ಅಲ್ಲೇ. ಸಭೆ ತಾರಕಕ್ಕೇರಿ, ಆಯಾ ಸಂಘದ ಕಾರ್ಯದರ್ಶಿಗಳು ಎದ್ದು ನಿಂತು, ಕಾಕಾ ಮೇಜು ಗುದ್ದಿ, ಇನ್ನೇನು ಯಾರೋ ಒಬ್ಬರು ಆ ಮಹಾಶಬ್ದ ಉಚ್ಚರಿಸಬೇಕು ಅನ್ನುವಾಗ ಸರಿಯಾಗಿ ಕಾಕೂ ಟ್ರೇ ಹಿಡಿದು ಒಳಗಿನಿಂದ ಬರುತ್ತಿದ್ದಳು. "ಚಹಾ ಆರ್ಲಿಕ್ಕತ್ತದ, ಮೊದ್ಲ ಕುಡೀರಿ. ರಾಜೀನಾಮೆ ಆಮ್ಯಾಲೆ ಕೊಡೀರಂತ." ಅಷ್ಟೇ ಅವಳ ಭಾಷಣ. ಎಲ್ಲರೂ ಕೂತು ಕುಡಿಯುತ್ತಿದ್ದರು. ಕುಡಿದ ಮೇಲೆ ರಾಜೀನಾಮೆ ಕೊಡುತ್ತಿದ್ದರು, ಆ ಮಾತು ಬೇರೆ.

ಹೋದ ವರ್ಷ ಕಾಕೂಗೆ ಸ್ಟ್ರೋಕ್ ಆಯಿತು. ಜೀವ ಉಳಿಯಿತು, ಮಾತು ಹೋಯಿತು. ವಿಲೆ ಪಾರ್ಲೆಯ ಮಗನ ಮನೆಯಲ್ಲಿ ಬೆತ್ತದ ಕುರ್ಚಿಯ ಮೇಲೆ ಕೂತು ಬಾಗಿಲ ಕಡೆ ನೋಡುತ್ತಿದ್ದಳು. ಮರಾಠಿ ಮನೆಯಿಂದ ಬಂದ ಸೊಸೆ ಬಹಳ ಒಳ್ಳೆಯವಳು, ಎಷ್ಟು ಮಾತಾಡಿಸಿದರೂ ಕಾಕೂನ ತುಟಿ ಅಲುಗಲಿಲ್ಲ. ಮಾತು ಮರಳಿ ಬಂದರೂ ಬರಬಹುದು, ಅವರಿಗೆ ರೂಢಿಯಿದ್ದ ದನಿಗಳು ಕಿವಿಗೆ ಬೀಳುತ್ತಿರಲಿ ಎಂದು ಡಾಕ್ಟರರು ಹೇಳಿದ್ದರು.

ಒಂದು ದಿನ ಕಾಕಾನ ಫೋನ್ ಬಂತು. "ತಮ್ಮಾ, ರವಿವಾರ ಬಾ. ಹೊಸಾ ಸಂಘ ತಗೀಲಿಕ್ಕತ್ತೀನಿ, ಇಲ್ಲೇ ಮನ್ಯಾಗ."

ನನಗೆ ಮೈಯೆಲ್ಲ ಉರಿಯಿತು. "ಕಾಕೂ ಹಿಂಗಿದ್ದಾಗ ಸಂಘ ಏನ್ ಕಾಕಾ? ನಿನಗ ಒಂದೀಟು ಬುದ್ಧಿ ಬ್ಯಾಡೇನು?"

"ಬಾ ಅಂದೆ ಅಷ್ಟ" ಎಂದು ಫೋನ್ ಇಟ್ಟ.

ಹೋಗಿ ನೋಡಿದರೆ ಹಾಲಿನ ತುಂಬ ಅವನ ಹಳೆಯ ವೈರಿಗಳು! ಎಲ್ಲ ಸಂಘಗಳಿಂದ ಆರಿಸಿ ತಂದಂತಿದ್ದರು. ಸಯನ್ ಸಂಘದ ಮಾಜಿ ಕಾರ್ಯದರ್ಶಿಗಳು, ಅದೇ ಗೋಳಿಬಜೆಯ ಹೋಟೆಲಿನವರು, ಕೋಲು ಊರಿಕೊಂಡು ಬಂದು ಸೋಫಾದ ಮೇಲೆ ಕೂತಿದ್ದರು. ಕಾಕೂನ ಕುರ್ಚಿಯ ಪಕ್ಕ ತವರಿನ ದೀಪ ಉರಿಯುತ್ತಿತ್ತು. ಸೊಸೆ ಎಲ್ಲರಿಗೂ ಚಹಾ ಕೊಟ್ಟಳು. ಆದರೆ ರೋಗಿಯನ್ನು ನೋಡಲು ಬಂದವರು ಹೇಗಿರುತ್ತಾರೋ ಹಾಗೇ ಎಲ್ಲರೂ ಮೆಲ್ಲಗೆ, ಸಭ್ಯವಾಗಿ ಪಿಸುಗುಡುತ್ತಿದ್ದರು. ಕಾಕೂ ಅವರನ್ನು ಗುರುತೇ ಇಲ್ಲದವಳಂತೆ ನೋಡುತ್ತಿದ್ದಳು. ಕಾಕಾ ಚಡಪಡಿಸಿದ. ಒಮ್ಮೆ ಅವಳ ಮುಖ ನೋಡಿದ, ಒಮ್ಮೆ ಇವರ ಮುಖ ನೋಡಿದ. ಆಮೇಲೆ ಇದ್ದಕ್ಕಿದ್ದಂತೆ ಎದ್ದು ನಿಂತ.

"ಉದ್ಘಾಟನಾಕ್ಕ ಗಿರಮಿಟ್ ಮಾಡ್ಸೋಣು. ಗೋಳಿಬಜಿ ಅಂಬೋದು ಮನಷ್ಯಾರು ತಿನ್ನೋ ಪದಾರ್ಥನ ಅಲ್ಲ!"

"ಬಿಡಿ ಮಾರಾಯ್ರೆ, ಹಳೆ ಕತೆ ಈಗ ಯಾಕೆ?" ಎಂದರು ಮಾಜಿ ಕಾರ್ಯದರ್ಶಿಗಳು ಮೆತ್ತಗೆ.

"ಯಾಕ ಬಿಡ್ಲಿ? ನಿಮ್ಮ ಹೋಟೆಲ್ನಾಗ ಒಂದು ಗೋಳಿಬಜಿ ಹಿಂಡಿದ್ರ ಒಂದು ದೀಪಕ್ಕಾಗೋಷ್ಟು ಎಣ್ಣಿ ಬರ್ತಿತ್ತು!"

ಹೋಟೆಲಿನ ಮಾತು ಬಂದರೆ ಯಾರು ಸುಮ್ಮನಿರುತ್ತಾರೆ? ಅವರು ಕೋಲು ಬಿಟ್ಟೇ ಎದ್ದರು. "ಎಂತದು? ನನ್ನ ಹೋಟೆಲಿಗೆ ಹೇಳ್ತೀರಾ ನೀವು? ಅವತ್ತೂ ಹೀಗೇ ಸಂಘ ಹಾಳು ಮಾಡಿದ್ದು ನೀವೇ!" ಇನ್ನೊಬ್ಬರು ಕಾಕಾನ ಪರ ಎದ್ದರು, ಮತ್ತೊಬ್ಬರು ಇಬ್ಬರ ವಿರುದ್ಧವೂ ಎದ್ದರು. ಸೊಸೆ ಗಾಬರಿಯಿಂದ ಕಿಟಕಿ ಮುಚ್ಚಿದಳು. ಮೇಜು ಗುದ್ದಿದ ಸದ್ದಿಗೆ ಕಪ್ಪುಗಳು ಕುಣಿದವು. "ನಂಗೆ ಬೇಡ ನಿಮ್ಮ ಸಂಘ! ಇದೋ, ನನ್ನ ರಾಜೀನಾಮೆ!" ಎಂದು ಮಾಜಿ ಕಾರ್ಯದರ್ಶಿಗಳು ಕೂಗಿಯೇಬಿಟ್ಟರು. ಸಂಘವೇ ಇನ್ನೂ ಹುಟ್ಟಿರಲಿಲ್ಲ!

ಆಗ ಬೆತ್ತದ ಕುರ್ಚಿ ಕಿರುಗುಟ್ಟಿತು.

"ಚಹಾ..." ಎಂದಳು ಕಾಕೂ. ನಾಲಿಗೆ ತೊಡರಿತು. ಮತ್ತೆ ಬಾಯಿ ತೆರೆದಳು. "ಚಹಾ... ಆರ್ಲಿಕ್ಕತ್ತದ."

ಎಲ್ಲರೂ ನಿಂತಲ್ಲೇ ನಿಂತರು. ಮಾಜಿ ಕಾರ್ಯದರ್ಶಿಗಳು ಮೇಜಿನ ಮೇಲಿದ್ದ ತಮ್ಮ ಕಪ್ಪನ್ನು ಎತ್ತಿ ತುಟಿಗೆ ಹಚ್ಚಿ ಗಟಗಟ ಕುಡಿದರು. ನನ್ನ ಕಣ್ಣು ತುಂಬಿ ದೀಪ ಎರಡೆರಡಾಗಿ ಕಂಡಿತು. ಇಷ್ಟು ವರ್ಷ ನಾವೆಲ್ಲ ನಗಾಡುತ್ತಿದ್ದ ಈ ಮನುಷ್ಯ, ಜೀವಮಾನದಲ್ಲಿ ಯಾರ ಮಾತಿಗೂ ಸುಮ್ಮನಾಗದ ನಮ್ಮ ಕಾಕಾ, ಹೆಂಡತಿಯ ಕಾಲ ಬಳಿ ನೆಲದ ಮೇಲೆ ಕೂತುಬಿಟ್ಟಿದ್ದ. ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡು ತಲೆ ಎತ್ತಿ, ತನ್ನ ವೈರಿಗಳನ್ನೆಲ್ಲ ನೋಡಿ ಅಂಗಲಾಚಿದ:

"ಯಾಕ್ರೀ ಸುಮ್ಮನಾದ್ರಿ? ಬೈರಿ ನನ್ನ. ಇನ್ನೊಂದೀಟು ಬೈರಿ!"