ಹುರುಳಿಯಡಿಯ ಅಭಿಪ್ರಾಯ ಚೌಕದ ಬಗ್ಗೆ

ಜನಾಭಿಪ್ರಾಯ ಸಂಗ್ರಹಣಾ ವಿಭಾಗ, ಚಾಮರಾಜನಗರ
ಸಂಖ್ಯೆ: ಜಅಸಂ/ರಸ್ತೆ/ಹುರುಳಿ/07

ವಿಷಯ: ರಸ್ತೆಯ ಮೇಲೆ ಹುರುಳಿ ಒಕ್ಕುವುದನ್ನು ನಿಷೇಧಿಸುವ ಕರಡು ನೀತಿಗೆ ಮೊಬೈಲ್ ಮೂಲಕ ಅಭಿಪ್ರಾಯ ಪಡೆಯುವಲ್ಲಿ ಸದರಿ ಹುರುಳಿಯಿಂದಲೇ ಉಂಟಾದ ಅಡಚಣೆ ಕುರಿತು.

ಉಲ್ಲೇಖ: (1) ಕರಡು ನೀತಿ. (2) ತೆರಕಣಾಂಬಿಯ ಕ್ಷೇತ್ರ ಸಹಾಯಕ ಶಶಿಕುಮಾರ ಅವರ ವರದಿ. (3) ಅದನ್ನು ಯಾರೂ ಓದದ ಕಾರಣ ಸದರಿಯವರು ಕಳುಹಿಸಿದ ಇನ್ನೊಂದು ವರದಿ.

ಪ್ರಸ್ತಾವನೆ: ಪುಷ್ಯದ ಇಬ್ಬನಿ ಆರುತ್ತಲೇ ತೆರಕಣಾಂಬಿ ಸುತ್ತಮುತ್ತ ಹುರುಳಿ ಕಿತ್ತು ತರುವ ಕೆಲಸ ನಡೆದಿದೆ. ಬೆಳಿಗ್ಗೆ ಗಿಡವನ್ನು ಟಾರು ರಸ್ತೆಗೆ ಹರಡುವುದು, ಗುಂಡ್ಲುಪೇಟೆ ಕಡೆಯಿಂದ ಬರುವ ಬಸ್ಸು ಲಾರಿಗಳು ಅದರ ಮೇಲೆ ಹಾಯ್ದು ಕಾಳು ಬಿಡಿಸುವುದು, ಸಂಜೆ ಗುಡಿಸಿ ತೂರಿಕೊಳ್ಳುವುದು ವಾಡಿಕೆ. ಬೈಕಿನವರು ಜಾರಿ ಬೀಳುವುದೂ ವಾಡಿಕೆಯಾಗಿರುವುದರಿಂದ ಕರಡು ನೀತಿ ಸಿದ್ಧಪಡಿಸಲಾಗಿದೆ. ಕಡೆಯ ದಿನದೊಳಗೆ ಒಂದೂ ಅಭಿಪ್ರಾಯ ಬಾರದಿದ್ದಲ್ಲಿ ಸಾರ್ವಜನಿಕರು ಸಂತೋಷದಿಂದ ಒಪ್ಪಿದ್ದಾರೆಂದು ಭಾವಿಸಿ ನಿಷೇಧ ಜಾರಿಗೊಳಿಸಲಾಗುವುದೆಂದು ಅದರಲ್ಲಿಯೇ ತಿಳಿಸಲಾಗಿದೆ. ಈ ಸಂಬಂಧ ನಡೆದದ್ದನ್ನೂ ನಡೆಯತಕ್ಕದ್ದನ್ನೂ ಎಲ್ಲ ಸಿಬ್ಬಂದಿಯ ಗಮನಕ್ಕೆ ಈ ಕೆಳಗಿನಂತೆ ತರಲಾಗಿದೆ.

1. ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್ ಮೇಲೆ ಶ್ರದ್ಧಾಂಜಲಿ ಪೋಸ್ಟರ್‌ಗಳು ಬೀಳುತ್ತಿದ್ದುದರಿಂದ, ಅಭಿಪ್ರಾಯ ಕೊಡಬೇಕಾದವರು ಇರುವಲ್ಲಿಯೇ ಕೋಡ್ ಇರಲೆಂದು ರಸ್ತೆಯ ಮೇಲೆಯೇ ದೊಡ್ಡ ಚೌಕವಾಗಿ ಬಣ್ಣದಲ್ಲಿ ಬರೆಸಲಾಯಿತು. ಬಣ್ಣ ಒಣಗಿದ ಬೆಳಿಗ್ಗೆಯೇ, ಜಾಗ ನುಣ್ಣಗಿದೆ ಎಂಬ ಕಾರಣಕ್ಕೆ, ಸಣ್ಣತಾಯಮ್ಮ ಎಂಬ ರೈತ ಮಹಿಳೆ ಅದರ ಮೇಲೆ ಹುರುಳಿ ಹರಡಿದ್ದಾರೆ.

2. ಸದರಿಯವರು ಅರ್ಧ ಎಕರೆಯನ್ನು ಪಾಲಿಗೆ ಮಾಡುತ್ತಿದ್ದು, ಊರಿನ ಕಣದಲ್ಲಿ ಸಮುದಾಯ ಭವನ ಎದ್ದಿರುವುದರಿಂದ ಅವರಿಗೆ ಒಕ್ಕಲು ಬೇರೆ ಜಾಗವಿಲ್ಲ. ರಸ್ತೆಯೂ ಹೋದರೆ ಹುರುಳಿ ಬಿತ್ತುವುದನ್ನೇ ಬಿಡಬೇಕಾಗುತ್ತದೆ ಎಂಬುದು ಅವರ ಅಳಲು. ಅಳಲನ್ನು ಬಾಯಿಮಾತಿನಲ್ಲಿ ಸ್ವೀಕರಿಸಲು ಅವಕಾಶವಿಲ್ಲ; ಕೋಡ್ ಸ್ಕ್ಯಾನ್ ಮಾಡಿಯೇ ಸಲ್ಲಿಸತಕ್ಕದ್ದು. ಕೋಡ್ ಹುರುಳಿಯ ಅಡಿಯಲ್ಲಿರುತ್ತದೆ.

3. ಹುರುಳಿ ತೆಗೆಯುವಂತೆ ಶಶಿಕುಮಾರ ಅವರು ಕೋರಿದಾಗ, ಸಣ್ಣತಾಯಮ್ಮನವರು ಪೊರಕೆ ಕೆಳಗಿಡದೆ ನೀಡಿದ ಹೇಳಿಕೆ ಯಥಾವತ್ತಾಗಿ: “ಕಾಳು ಬುಡೋಗಂಟ ತೆಗ್ಯಕಾಗಲ್ಲ ಕಣ್ ಮಗ. ನಿಂಗೆ ಅರ್ಜೆಂಟಾದ್ರೆ ನಿನ್ ಜೀಪ್ನೇ ನಾಕ್ ಸುತ್ತು ಓಡ್ಸು.”

4. ಪರಿಶೀಲಿಸಲಾಗಿ, ಚೌಕದ ಬಣ್ಣ ಅಳಿಸದಿರಲೆಂದು ವಿಭಾಗದ ವತಿಯಿಂದಲೇ ಸುತ್ತ ಕಲ್ಲಿಡಲಾಗಿದ್ದು, ಬಸ್ಸುಗಳು ಬಳಸಿಕೊಂಡು ಹೋಗಿ ಕಾಳು ಬಿಡದೇ ಉಳಿದಿರುವುದು ಕಂಡುಬಂದಿದೆ. ಅಂದೇ ಕಡೆಯ ದಿನ. ಆದ್ದರಿಂದ ಕಲ್ಲು ಸರಿಸಿ, ಚಾಲಕ ರಂಗರಾಜು ಅವರಿಂದ ವಿಭಾಗದ ಜೀಪನ್ನು ಹುರುಳಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಚಲಾಯಿಸಲಾಗಿದೆ. ಇದನ್ನು ಯಾರೂ ಒಕ್ಕಣೆ ಎಂದು ಕರೆಯತಕ್ಕದ್ದಲ್ಲ. ಲಾಗ್ ಪುಸ್ತಕದಲ್ಲಿ ‘ಅಭಿಪ್ರಾಯ ಅನಾವರಣ’ ಎಂದು ನಮೂದಿಸತಕ್ಕದ್ದು. ಸಣ್ಣತಾಯಮ್ಮನವರು ರಸ್ತೆ ಬದಿಯಲ್ಲಿ ನಿಂತು, “ಎಡಕ್ಕೆ ತಿರುಗ್ಸಪ್ಪ, ಅಂಚ್ನಲ್ಲಿ ಒಂಚೂರು ಉಳ್ಕಂಡದೆ” ಎಂದು ನೀಡಿದ ಸೂಚನೆಗಳನ್ನು ‘ನೀತಿ ನಿರೂಪಣೆಯಲ್ಲಿ ನಾಗರಿಕರ ಸಹಭಾಗಿತ್ವ’ ಎಂಬ ಕಲಮಿನಡಿ ದಾಖಲಿಸಲಾಗಿದೆ.

5. ಗುಡಿಸಿದ ನಂತರ ಚೌಕ ಕಾಣಿಸಿಕೊಂಡಿದ್ದು, ಶಶಿಕುಮಾರ ಅವರ ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡಲಾಗಿದೆ. ಅದರಲ್ಲಿ ‘ಒಪ್ಪುತ್ತೇನೆ’, ‘ಪೂರ್ಣವಾಗಿ ಒಪ್ಪುತ್ತೇನೆ’, ‘ಇತರೆ’ ಎಂಬ ಆಯ್ಕೆಗಳಿದ್ದು, ಸಣ್ಣತಾಯಮ್ಮನವರು ‘ಇತರೆ’ಯಲ್ಲಿ ಬರೆಸಿರುವುದು: “ರಸ್ತೆ ಬ್ಯಾಡ ಅಂದ್ರೆ ಕಣ ಕೊಡಿ. ಕಣ ಕೊಡೋಗಂಟ ವರ್ಸಾ ವರ್ಸಾ ಇಂಗೇ ಜೀಪು ಕಳ್ಸಿ.” ಜಿಲ್ಲೆಯಾದ್ಯಂತ ಬಂದ ಅಭಿಪ್ರಾಯ ಇದೊಂದೇ. ಆದಕಾರಣ ಇದು ಸರ್ವಾನುಮತದ್ದಾಗಿರುತ್ತದೆ. ಸರ್ವಾನುಮತವನ್ನು ತಳ್ಳಿಹಾಕಲು ಕರಡಿನಲ್ಲಿ ದಾರಿ ಕಾಣದ ಕಾರಣ, ಕಣ ಒದಗಿಸುವವರೆಗೆ ನಿಷೇಧವನ್ನು ತಡೆಹಿಡಿದು, ಪ್ರತಿ ಪುಷ್ಯದಲ್ಲಿ ಜೀಪು ಕಳುಹಿಸುವಂತೆ ಈ ಮೂಲಕ ಆದೇಶಿಸಲಾಗಿದೆ.

6. ಒಕ್ಕಿಕೊಟ್ಟವರಿಗೆ ಕಾಳು ಅಳೆದು ಕೊಡುವುದು ಪದ್ಧತಿ. ಒಕ್ಕಿಲ್ಲವೆಂದು ಎಷ್ಟು ಹೇಳಿದರೂ ಕೇಳದೆ ಸಣ್ಣತಾಯಮ್ಮನವರು ಎರಡು ಸೇರು ಹುರುಳಿಯನ್ನು ಜೀಪಿನ ಸೀಟಿನ ಹಿಂದೆ ಇಟ್ಟಿದ್ದಾರೆ. ಹುರುಳಿ ಜಮಾ ಮಾಡಲು ಲೆಕ್ಕ ಶೀರ್ಷಿಕೆ ಇಲ್ಲದ್ದರಿಂದ ಮೇಲಿನ ಕಚೇರಿಗೆ ಮಾರ್ಗದರ್ಶನ ಕೋರಿ ಬರೆಯಲಾಯಿತು. ಕೂಡಲೇ ಹಿಂದಿರುಗಿಸುವಂತೆ ಉತ್ತರ ಬರುವಷ್ಟರಲ್ಲಿ ಹುರುಳಿಯು ಉಪ್ಸಾರಾಗಿ ಪರಿವರ್ತನೆಗೊಂಡಿದ್ದು, ಮನೆಯಿಂದ ಮುದ್ದೆ ತಂದಿದ್ದ ಸಿಬ್ಬಂದಿ ಮಾತ್ರ ಇದರಲ್ಲಿ ಭಾಗಿಗಳು. ವಸೂಲಾತಿ ಅಸಾಧ್ಯ. ಆದ್ದರಿಂದ ಸರ್ಕಾರದಿಂದ ಸಣ್ಣತಾಯಮ್ಮನವರಿಗೆ ಎರಡು ಸೇರು ಬಾಕಿ ಇರುತ್ತದೆ. ಇದನ್ನು ಬರುವ ಪುಷ್ಯದಲ್ಲಿ ಹೆಚ್ಚುವರಿ ಸುತ್ತು ಓಡಿಸಿ ತೀರಿಸತಕ್ಕದ್ದು. ಆ ಸುತ್ತಿಗೆ ಕಾಳು ಪಡೆಯತಕ್ಕದ್ದಲ್ಲ, ಕೊಟ್ಟರೆ ಬೇಯಿಸತಕ್ಕದ್ದಲ್ಲ.

ಸಹಿ/-
ಉಪನಿರ್ದೇಶಕರು (ಪ್ರಭಾರ)
(ಮುದ್ದೆ ತಂದಿದ್ದರು)

ಪ್ರತಿಗಳು:
1. ಶ್ರೀ ಶಶಿಕುಮಾರ, ಮುಂದಿನ ಚೌಕವನ್ನು ಹುರುಳಿ ಹರಡದ ಜಾಗದಲ್ಲಿ ಬರೆಸಲು. ಅಂಥ ಜಾಗ ಸಿಕ್ಕಿದಲ್ಲಿ.
2. ಶ್ರೀ ರಂಗರಾಜು, ಟೈರಿನ ಸಂದಿಯಿಂದ ಉದುರಿದ ಹುರುಳಿ ಕಚೇರಿ ಅಂಗಳದಲ್ಲಿ ಮೊಳೆತಿರುವ ಬಗ್ಗೆ ವಿವರಣೆ ಕೋರಿ.
3. ಕಚೇರಿ ಪ್ರತಿ, ಪಾತ್ರೆ ತೊಳೆದಿಡುವ ಸೂಚನೆಯೊಂದಿಗೆ.
4. ಶ್ರೀಮತಿ ಸಣ್ಣತಾಯಮ್ಮ, ಖುದ್ದಾಗಿ ಓದಿ ಹೇಳಲಾಗಿದೆ. “ತಿಂದ್ರಲ್ಲ, ಸರೋಯ್ತು ಬುಡು. ಜೀಪು ಮಾತ್ರ ಮರೀಬ್ಯಾಡಿ” ಎಂದಿದ್ದನ್ನು ಸ್ವೀಕೃತಿ ಎಂದು ಪರಿಗಣಿಸಲಾಗಿದೆ. ಬಾಕಿ ಮುಂದುವರಿಯುತ್ತದೆ.