ಅರ್ಧ ಬೆಲೆಯ ತೆಂಗಿನಕಾಯಿ

ಮನೆಸಾಮಾನಿನ ಖರ್ಚನ್ನು ಹತೋಟಿಗೆ ತರುವ ಹೊಣೆಯನ್ನು, ಯಾರೂ ಕೇಳದಿದ್ದರೂ, ನಾನೇ ವಹಿಸಿಕೊಂಡಿದ್ದೆ. ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಕಲಿಸುವವನಿಗೆ ಬೆಲೆ ಹೋಲಿಸುವುದು ಎಷ್ಟರ ಕೆಲಸ? ಮೊಬೈಲಿನ ಆ್ಯಪ್‌ಗಳನ್ನೂ ವಿಶ್ವವಿದ್ಯಾಲಯದ ಗೇಟಿನೆದುರಿನ ಲಂಕಾ ಪೇಟೆಯ ಅಂಗಡಿಗಳನ್ನೂ ವಿಚಾರಿಸದೆ ಒಂದು ನಿಂಬೆಹಣ್ಣನ್ನೂ ಕೊಳ್ಳುತ್ತಿರಲಿಲ್ಲ.

ಕಳೆದ ಭಾನುವಾರ ಹೆಂಡತಿ ಸುಮಾ ಈ ಹಿಂದಿ ಊರಿನಲ್ಲಿರುವ ಕನ್ನಡ ಮನೆಗಳವರನ್ನು ಇಡ್ಲಿ ಚಟ್ನಿಗೆ ಕರೆದಿದ್ದಳು. ಜಂಗಮವಾಡಿ ಮಠದ ಹಿರಿಯರಾದ ಶಿವಲಿಂಗಯ್ಯನವರು ಮೊದಲ ಸಲ ನಮ್ಮ ಮನೆಗೆ ಬರುವವರಿದ್ದರು.

"ಲಂಕಾದಲ್ಲಿ ನಾಲ್ಕು ತೆಂಗಿನಕಾಯಿ ತಂದ್ಬಿಡಿ," ಎಂದಳು.

"ಅಲ್ಲಿ ದುಬಾರಿ. ಗುಡಿ ಹತ್ರದ ಗಲ್ಲೀಲಿ ಅರ್ಧ ಬೆಲೆ."

"ಯಾಕಂತೆ ಅಷ್ಟು ಅಗ್ಗ?"

"ಮಾರುಕಟ್ಟೆಯ ರಹಸ್ಯ," ಎಂದು ಗಂಭೀರವಾಗಿ ಹೇಳಿ ಹೊರಟೆ.

ಅಗ್ಗವೆಂದು ನಾಲ್ಕರ ಬದಲು ಒಂದು ಡಜನ್ ಕೊಂಡೆ. ಚೀಲ ಹೊತ್ತು ಗಲ್ಲಿಯಲ್ಲಿ ಬರುವಾಗ ಜನ ದಾರಿ ಬಿಟ್ಟರು. ಒಬ್ಬ ಅಜ್ಜಿ ಚೀಲವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, "ಮನ್ನತ್ ಪೂರೀ ಹೋ ಗಯೀ, ಬೇಟಾ?" ಎಂದು ಕೇಳಿದಳು. ಹರಕೆ ತೀರಿಸಲಲ್ಲ, ಚಟ್ನಿಗೆ ಎನ್ನುವ ಬದಲು ತಲೆಯಾಡಿಸಿ ಮುಂದೆ ನಡೆದೆ.

ಮನೆಯಲ್ಲಿ ಮೊದಲ ಕಾಯಿ ಒಡೆದೆ. ನೀರಿಲ್ಲ. ಎರಡನೆಯದರಲ್ಲಿ ಕೊಬ್ಬರಿ ಗಿಟುಕು ಒಳಗೇ ಗಡಗಡ ಉರುಳುತ್ತಿತ್ತು. ಮೂರನೆಯದಕ್ಕೆ ಮಗಳು ಮೂಗು ಮುಚ್ಚಿಕೊಂಡು, "ಪಾಪಾ, ಬದ್‌ಬೂ!" ಎಂದು ಓಡಿದಳು.

ಸುಮಾ ಒಂದು ಹೋಳನ್ನು ಎತ್ತಿ ನೋಡಿದಳು. ಜುಟ್ಟಿನ ತುಂಬ ಹಳೆಯ ಕುಂಕುಮ. "ರೀ, ಇದು ಎಷ್ಟು ಸಲ ದೇವರ ದರ್ಶನ ಮಾಡಿ ಬಂದಿದೆ?"

ಲಂಕಾಕ್ಕೆ ಓಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಗ್ರಾಹಕನ ಹಕ್ಕು ಎಂಬುದೊಂದಿದೆಯಲ್ಲ? ಉಳಿದ ಒಂಬತ್ತನ್ನೂ ಹೊತ್ತು ಮತ್ತೆ ಗಲ್ಲಿಗೆ ಹೋದೆ.

ಅಂಗಡಿಯವನು ನನ್ನನ್ನು ಕನಿಕರದಿಂದ ನೋಡಿದ. "ಯೇ ತೋ ಚಢಾನೇ ಕಾ ಹೈ, ಸಾಹಬ್. ಆಪ್ ಖಾಯೇಂಗೇ, ಯೇ ಬತಾಯಾ ಹೀ ನಹೀಂ."

ಅವು ದೇವರಿಗೆ ಏರಿಸುವ ಕಾಯಿಗಳಂತೆ; ತಿನ್ನುತ್ತೇನೆಂದು ನಾನು ಹೇಳಲೇ ಇಲ್ಲವಂತೆ. ನಮ್ಮ ಕಡೆಯಂತೆ ಇಲ್ಲಿ ಕಾಯಿ ಒಡೆಯುವುದಿಲ್ಲ, ಇಡಿಯಾಗಿ ಅರ್ಪಿಸುತ್ತಾರೆ. ಅರ್ಪಿಸಿದ್ದು ಗುಡಿಯಿಂದ ಅಂಗಡಿಗೆ, ಅಂಗಡಿಯಿಂದ ಗುಡಿಗೆ ಓಡಾಡುತ್ತಲೇ ಇರುತ್ತದೆ. ಆ ಓಡಾಟ ನಿಲ್ಲಿಸಿದ ಮೊದಲ ಮೂರ್ಖ ನಾನೇ ಇರಬೇಕು.

ಅವನು ವಾಪಸ್ ತೆಗೆದುಕೊಳ್ಳಲಿಲ್ಲ. ಅವನ್ನು ಹೊತ್ತು ಮನೆಗೆ ಹೋಗುವ ಧೈರ್ಯ ನನಗಿರಲಿಲ್ಲ. ಸೀದಾ ಗುಡಿಗೆ ಹೋಗಿ ಒಂಬತ್ತನ್ನೂ ಅರ್ಪಿಸಿದೆ. ಇಷ್ಟು ದೊಡ್ಡ ಭಕ್ತನನ್ನು ಪೂಜಾರಿ ಸುಮ್ಮನೆ ಬಿಡುವರೇ? ಹೆಸರು, ಗೋತ್ರ, ಸಂಕಲ್ಪ, ಹಣೆ ತುಂಬ ಗಂಧ, ಕೊರಳಿಗೆ ಹಾರ. ದಕ್ಷಿಣೆಯಲ್ಲಿ ನನ್ನ ಇಡೀ ತಿಂಗಳ ಉಳಿತಾಯ ಮಂಗಮಾಯ.

ಮನೆ ಸೇರುವಷ್ಟರಲ್ಲಿ ಎಲ್ಲರೂ ಶೇಂಗಾ ಚಟ್ನಿಯಲ್ಲಿ ಇಡ್ಲಿ ತಿಂದು ಕೈ ತೊಳೆದಿದ್ದರು. ಬಾಗಿಲಲ್ಲಿ ಹಾರ ಹಾಕಿಕೊಂಡು ನಿಂತ ನನ್ನನ್ನು ಕಂಡು ಶಿವಲಿಂಗಯ್ಯನವರು ಎದ್ದು ನಿಂತು ಕೈ ಮುಗಿದರು.

"ಮನೀಗೆ ಮಂದಿ ಬಂದಾಗೂ ದೇವರ ಸೇವಾ ಬಿಡಲಿಲ್ಲಲ್ರೀ ನೀವು. ಈಗಿನ ಪ್ರೊಫೆಸರ್‌ಗಳೊಳಗ ಇಂಥಾ ಭಕ್ತಿ ಎಲ್ಲಿ ಸಿಗ್ತೈತಿ?"

ಸುಮಾ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ತಲೆ ತಗ್ಗಿಸಿದೆ. ಅವರು ಅದನ್ನು ವಿನಯವೆಂದುಕೊಂಡರು.